4.3 ಸೆಕೆಂಡಿನಲ್ಲಿ ಓಡುವ ಹುಡುಗ ಮೂರನೇ ಸುತ್ತಿಗೆ ಯಾಕೆ ಜಾರುತ್ತಾನೆ?

ಪ್ರಶ್ನೆ: ಸರ್, ನಾನು ಮೈಸೂರಿನವನು. ಓಹಾಯೋಗೆ ಬಂದು ಹದಿನೈದು ವರ್ಷ ಆಯ್ತು. ಕ್ರಿಕೆಟ್ ನೋಡಿ ಬೆಳೆದವನು, ಆದರೆ ಮಗನಿಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚು. ಎನ್‌ಎಫ್‌ಎಲ್ ಡ್ರಾಫ್ಟ್ (ಇಲ್ಲಿನ ವೃತ್ತಿಪರ ಲೀಗ್‌ನ ತಂಡಗಳು ಕಾಲೇಜು ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುವುದು) ಹತ್ತಿರ ಬಂದರೆ ಮನೆಯಲ್ಲಿ ಅದೇ ಮಾತು. ಒಬ್ಬ ರಿಸೀವರ್ ಇದ್ದಾನೆ, ಅಂದರೆ ಎಸೆದ ಚೆಂಡು ಹಿಡಿದು ಓಡುವವನು. ಕಾಲೇಜಿನಲ್ಲಿ ಒಂದೇ ಸೀಸನ್‌ನಲ್ಲಿ ಸಾವಿರಕ್ಕೂ ಜಾಸ್ತಿ ಯಾರ್ಡ್ ಗಳಿಸಿದ್ದಾನೆ, 40 ಯಾರ್ಡ್ ಓಟವನ್ನು 4.3 ಸೆಕೆಂಡಿನಲ್ಲಿ ಮುಗಿಸಿದ್ದಾನೆ. ನಮ್ಮ ತಂಡ ಅವನನ್ನು ಮೊದಲ ಸುತ್ತಿನಲ್ಲೇ ತಗೋಬೇಕು ಅಂತ ಮಗನ ವಾದ. ತಿಳಿದವರ ಪಟ್ಟಿಗಳಲ್ಲಿ ನೋಡಿದರೆ ಅವನು ಮೂರನೇ ಸುತ್ತಿನಲ್ಲಿದ್ದಾನೆ. ಅವನಿಗಿಂತ ನಿಧಾನ ಓಡುವವನು ಮೊದಲ ಸುತ್ತಿನಲ್ಲಿ! ತಂಡದವರು ನಿಜವಾಗಿ ಏನು ನೋಡುತ್ತಾರೆ? ಮನೆಯಲ್ಲಿ ಕೂತು ನಾವೂ ಅದನ್ನು ನೋಡಬಹುದಾ?

ಉತ್ತರ: ನೋಡಬಹುದು. ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು ನೋಡಬಹುದು.

ನಿಮ್ಮ ಮಗ ಹಿಡಿದುಕೊಂಡಿರುವ ಎರಡು ಅಂಕಿಯೂ ಸುಳ್ಳಲ್ಲ. ಹುಡುಗ ಕಾಲೇಜಿನಲ್ಲಿ ಏನು ಮಾಡಿದ, ಎದುರಿಗೆ ಯಾರೂ ಇಲ್ಲದಾಗ ಎಷ್ಟು ಜೋರಾಗಿ ಓಡಿದ ಅಂತ ಅವು ಹೇಳುತ್ತವೆ. ತಂಡದವರ ತಲೆಯಲ್ಲಿರುವ ಪ್ರಶ್ನೆ ಬೇರೆ. ಇವನು ಬಂದರೆ ನಾವು ಕೊಡುವ ಕೆಲಸ ಯಾವುದು? ಅದೇ ಕೆಲಸವನ್ನು ಕಾಲೇಜಿನಲ್ಲಿ ಎಷ್ಟು ಸಲ ಮಾಡಿ ತೋರಿಸಿದ್ದಾನೆ? ನಾನು ಕೆಲವು ವರ್ಷ ಕಾಲೇಜು ಆಟಗಾರರ ವಿಡಿಯೋ ನೋಡಿ ವರದಿ ಬರೆಯುವ ಕೆಲಸ ಮಾಡಿದವನು. ಈ ಎರಡನೇ ಪ್ರಶ್ನೆ ಕೇಳಿಕೊಳ್ಳದೆ ಬರೆದ ವರದಿಗಳೇ ನನ್ನನ್ನು ಜಾಸ್ತಿ ನಗೆಪಾಟಲು ಮಾಡಿದ್ದು.

ಡ್ರಾಫ್ಟ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. 32 ತಂಡ, ಏಳು ಸುತ್ತು, ಮೂರು ದಿನ. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ ತಂಡಕ್ಕೆ ಸುತ್ತಿನ ಕೊನೆಯ ಸರದಿ. ಐಪಿಎಲ್ ಹರಾಜಿನ ಹಾಗೆ ಜಾಸ್ತಿ ದುಡ್ಡು ಕೂಗಿ ಎತ್ತಿಕೊಳ್ಳುವ ಹಾಗಿಲ್ಲ. ಬೇಕಾದರೆ ತಂಡಗಳು ತಮ್ಮ ತಮ್ಮಲ್ಲಿ ಸರದಿ ಅದಲುಬದಲು ಮಾಡಿಕೊಳ್ಳಬಹುದು. ಹುಡುಗ ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗಿರಬೇಕು. ಇನ್ನೂ ಒಂದು ವಿಷಯ ಇದೆ. ಐಪಿಎಲ್‌ಗೆ ಬರುವ ನಮ್ಮ ಹುಡುಗ ಸಾಮಾನ್ಯವಾಗಿ ರಣಜಿಯಲ್ಲೋ ಸಯ್ಯದ್ ಮುಷ್ತಾಕ್ ಅಲಿ ಟೂರ್ನಿಯಲ್ಲೋ ದೊಡ್ಡವರ ಎದುರು ಆಡಿರುತ್ತಾನೆ. ಇಲ್ಲಿನ ಹುಡುಗ ಅಲ್ಲಿಯವರೆಗೆ ಆಡಿರುವುದೆಲ್ಲ ತನ್ನ ಹಾಗಿನ ವಿದ್ಯಾರ್ಥಿಗಳ ಜೊತೆ. ಅವರಲ್ಲಿ ಮುಕ್ಕಾಲುವಾಸಿ ಜನ ಮುಂದಿನ ವರ್ಷ ಆಫೀಸಿಗೆ ಹೋಗುವವರು.

ಆಟವೂ ಒಂದೇ ಅಲ್ಲ. ಹೊರಗಿನಿಂದ ನೋಡಿದರೆ ಒಂದೇ ಚೆಂಡು, ಒಂದೇ ಮೈದಾನ, ಆದರೆ ಚಿಕ್ಕ ಚಿಕ್ಕ ನಿಯಮಗಳು ದೊಡ್ಡ ಮೋಸ ಮಾಡುತ್ತವೆ. ಕಾಲೇಜಿನಲ್ಲಿ ಗಡಿಗೆರೆಯ ಪಕ್ಕ ಚೆಂಡು ಹಿಡಿದಾಗ ಒಂದು ಕಾಲು ಒಳಗೆ ಊರಿದರೆ ಸಾಕು. ಎನ್‌ಎಫ್‌ಎಲ್‌ನಲ್ಲಿ ಎರಡೂ ಕಾಲು ಊರಬೇಕು. ಹಾಗಾಗಿ ನಾವು ಕಾಲೇಜು ವಿಡಿಯೋ ನೋಡುವಾಗ ಕ್ಯಾಚ್ ಆದ ಮೇಲೂ ಕಣ್ಣು ಕಾಲಿನ ಮೇಲೇ ಇಟ್ಟಿರುತ್ತೇವೆ. ಬೇಡದಿದ್ದರೂ ಎರಡನೇ ಪಾದವನ್ನು ಎಳೆದುಕೊಂಡು ಬಂದನಾ? ಅದು ಯಾವ ಅಂಕಿಪಟ್ಟಿಯಲ್ಲೂ ಸಿಗುವುದಿಲ್ಲ.

ಮೈದಾನದ ಮಧ್ಯೆ ಹ್ಯಾಶ್ ಗುರುತುಗಳು, ಅಂದರೆ ಉದ್ದಕ್ಕೂ ಎರಡು ಸಾಲು ಸಣ್ಣ ಗೆರೆಗಳಿರುತ್ತವಲ್ಲ, ಪ್ರತಿ ಆಟ ಅವುಗಳ ಮೇಲೆ ಅಥವಾ ಅವುಗಳ ನಡುವಿನಿಂದ ಶುರುವಾಗುತ್ತದೆ. ಕಾಲೇಜಿನಲ್ಲಿ ಎರಡು ಹ್ಯಾಶ್ ಸಾಲುಗಳ ನಡುವೆ 40 ಅಡಿ. ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು ಮಾತ್ರ. ಮೈದಾನದ ಅಗಲ ಎರಡಕ್ಕೂ 160 ಅಡಿ. ಇದರಿಂದ ಕಾಲೇಜಿನಲ್ಲಿ ಒಂದು ಕಡೆ ದೊಡ್ಡ ಬಯಲು ಬಿದ್ದಿರುತ್ತದೆ. ಆ ಬಯಲಿನಲ್ಲಿ ವೇಗದ ರಿಸೀವರ್‌ಗೆ ಚೆಂಡು ಕೊಟ್ಟುಬಿಟ್ಟರೆ ಯಾರ್ಡ್‌ಗಳು ತಾವಾಗಿ ಬರುತ್ತವೆ. ಎನ್‌ಎಫ್‌ಎಲ್‌ಗೆ ಬಂದ ಮೇಲೆ ಆ ಬಯಲು ಇರುವುದಿಲ್ಲ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಇದೇ ಅಳತೆ ಉಪಕಾರಕ್ಕೂ ಬರುತ್ತದೆ. ಎಡ ಹ್ಯಾಶ್ ಮೇಲೆ ನಿಂತು ಬಲ ಗಡಿಗೆರೆಯ ಹತ್ತಿರಕ್ಕೆ ಎಸೆಯಬೇಕಾದರೆ ಕಾಲೇಜಿನಲ್ಲಿ ಅಡ್ಡಗಲವೇ 100 ಅಡಿ ಹತ್ತಿರ, ಮುಂದಕ್ಕೆ ಹೋಗುವ ದೂರ ಬೇರೆ. ಅಂಥ ಎಸೆತವನ್ನು ಚೆಂಡು ತೂಗಾಡದ ಹಾಗೆ, ರಿಸೀವರ್ ತಿರುಗುವ ಮೊದಲೇ ಬಿಟ್ಟವನ ತೋಳಿನ ಬಗ್ಗೆ ಮತ್ತೆ ಚರ್ಚೆ ಬೇಡ.

ಈಗ ನಿಮ್ಮ ಮಗನ ರಿಸೀವರ್ ಕಡೆ ಬರೋಣ. ಅವನಂಥವನೇ ಒಬ್ಬನಿಗೆ ನಾನು ಒಂದು ಕಾಲದಲ್ಲಿ ಎರಡನೇ ಸುತ್ತಿನ ದರ್ಜೆ ಕೊಟ್ಟಿದ್ದೆ. ಓಟ ಚೆನ್ನಾಗಿತ್ತು, ಯಾರ್ಡ್ ಚೆನ್ನಾಗಿತ್ತು, ಕೈ ಮೃದುವಾಗಿತ್ತು. ಎರಡು ವರ್ಷದಲ್ಲಿ ಅವನು ತಂಡದಿಂದ ಹೊರಗೆ. ಎಲ್ಲಿ ಎಡವಿದೆ ಅಂತ ಅವನ ಕಾಲೇಜು ವಿಡಿಯೋ ಮತ್ತೆ ಹಾಕಿದೆ. ಈ ಸಲ ಚೆಂಡು ನೋಡಲಿಲ್ಲ. ಪ್ರತಿ ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವುದು) ಆದ ಕೂಡಲೇ ಅವನ ಮುಂದೆ ಯಾರು ಎಷ್ಟು ದೂರ ನಿಂತಿದ್ದಾರೆ ಅಂತ ಮಾತ್ರ ನೋಡಿದೆ. ಏಳು ಯಾರ್ಡ್, ಎಂಟು ಯಾರ್ಡ್, ಏಳು ಯಾರ್ಡ್. ಎದುರಾಳಿ ಮುಖಕ್ಕೆ ಮುಖ ಕೊಟ್ಟು ನಿಂತು ಎದೆಗೆ ಕೈ ಹಾಕಿ ತಡೆದದ್ದು ಇಡೀ ಸೀಸನ್‌ನಲ್ಲಿ ಬೆರಳಲ್ಲಿ ಎಣಿಸುವಷ್ಟು ಸಲ. ಅಷ್ಟರಲ್ಲೂ ಅರ್ಧದಷ್ಟು ಸಲ ಅವನು ಗಡಿಗೆರೆಯ ಕಡೆ ತಳ್ಳಿಸಿಕೊಂಡು ಹೋಗಿದ್ದ. ಚೆಂಡು ಆ ಕಡೆ ಬರಲೇ ಇಲ್ಲ, ಆದ್ದರಿಂದ ಅಂಕಿಪಟ್ಟಿಯಲ್ಲಿ ಆ ಸೋಲುಗಳ ಗುರುತೂ ಇಲ್ಲ. ಅವನ ಯಾರ್ಡ್‌ಗಳಲ್ಲಿ ದೊಡ್ಡ ಪಾಲು ಸ್ಕ್ರೀನ್ ಪಾಸ್‌ಗಳಿಂದ ಬಂದಿದ್ದವು. ಅಂದರೆ ಚೆಂಡನ್ನು ಪಕ್ಕಕ್ಕೆ ಕೊಟ್ಟು, ಮುಂದೆ ಇಬ್ಬರು ದಾರಿ ಬಿಡಿಸಿ, ಇವನು ಓಡುವುದು. ಎನ್‌ಎಫ್‌ಎಲ್‌ನಲ್ಲಿ ಮೊದಲ ದಿನದಿಂದಲೇ ಎದೆಗೆ ಕೈ ಬಿತ್ತು. ಅಲ್ಲಿಗೆ ಮುಗೀತು.

ಆಮೇಲಿಂದ ರಿಸೀವರ್ ನೋಡುವಾಗ ನನ್ನದು ಒಂದೇ ಅಭ್ಯಾಸ. ಮೊದಲು ಎದುರಾಳಿ ಹತ್ತಿರ ನಿಂತ ಸ್ನ್ಯಾಪ್‌ಗಳನ್ನು ಮಾತ್ರ ಹುಡುಕಿ ನೋಡುವುದು, ಉಳಿದದ್ದೆಲ್ಲ ಆಮೇಲೆ. ಜನವರಿ ಕೊನೆಗೆ ಅಲಬಾಮಾದ ಮೊಬೀಲ್ ಊರಿನಲ್ಲಿ ಸೀನಿಯರ್ ಬೌಲ್, ಅಂದರೆ ಡ್ರಾಫ್ಟ್‌ಗೆ ಬರುವ ಕಾಲೇಜು ಹುಡುಗರ ಪ್ರದರ್ಶನ ಪಂದ್ಯ, ನಡೆಯುತ್ತದೆ. ಅಲ್ಲಿ ತಂಡಗಳವರಿಗೆ ಶನಿವಾರದ ಪಂದ್ಯಕ್ಕಿಂತ ವಾರದ ನಡುವಿನ ಅಭ್ಯಾಸವೇ ಮುಖ್ಯ. ಒಬ್ಬ ರಿಸೀವರ್, ಅವನನ್ನು ತಡೆಯುವ ಒಬ್ಬ ಕಾರ್ನರ್‌ಬ್ಯಾಕ್, ನಡುವೆ ಯಾರೂ ಇಲ್ಲ. ಕಾಲೇಜಿನಲ್ಲಿ ವರ್ಷಕ್ಕೆ ನಾಲ್ಕು ಸಲ ಎದುರಾಗುವ ಪರೀಕ್ಷೆ ಇಲ್ಲಿ ಒಂದು ಮಧ್ಯಾಹ್ನದಲ್ಲಿ ಹತ್ತು ಸಲ ಬರುತ್ತದೆ. ಆರನ್ ಡೊನಾಲ್ಡ್ ಗೊತ್ತಲ್ವಾ? ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಡಿಫೆನ್ಸಿವ್ ಟ್ಯಾಕಲ್, ಅಂದರೆ ರಕ್ಷಣೆಯ ಸಾಲಿನ ಮಧ್ಯೆ ನಿಲ್ಲುವವನು. ಆ ಜಾಗಕ್ಕೆ ಗಾತ್ರ ಸಾಲದು ಅನ್ನುತ್ತಿದ್ದರು. 2014ರ ಸೀನಿಯರ್ ಬೌಲ್ ವಾರದಲ್ಲಿ ಎದುರು ಬಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ದಾಟಿ ತೋರಿಸಿದ. ಆದರೂ 13ನೇ ಸರದಿಯವರೆಗೆ ಉಳಿದಿದ್ದ. ರ‍್ಯಾಮ್ಸ್ ತಗೊಂಡರು. ಮೂರು ಸಲ ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರನಾದ.

ಇನ್ನು ಓಟದ ವಿಷಯ. ಪ್ರತಿ ವರ್ಷ ಫೆಬ್ರವರಿ ಕೊನೆ, ಮಾರ್ಚ್ ಶುರುವಿನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್, ಅಂದರೆ ಡ್ರಾಫ್ಟ್‌ಗೆ ಬರುವ ಹುಡುಗರ ಓಟ, ಅಳತೆಗಳ ಪರೀಕ್ಷೆ, ನಡೆಯುತ್ತದೆ. 1987ರಿಂದ ಅದೇ ಊರು. ಮುನ್ನೂರು ಚಿಲ್ಲರೆ ಹುಡುಗರು ಬರುತ್ತಾರೆ. ಓಟ, ಜಿಗಿತ, 225 ಪೌಂಡ್ ಕಬ್ಬಿಣ ಎತ್ತುವುದು, ಎಲ್ಲವೂ ಟಿವಿಯಲ್ಲಿ ಬರುತ್ತದೆ. 2017ರಲ್ಲಿ ರಿಸೀವರ್ ಜಾನ್ ರಾಸ್ 4.22 ಸೆಕೆಂಡಿನಲ್ಲಿ ಓಡಿ ಆಗಿನ ದಾಖಲೆ ಮಾಡಿದ, ಸಿನ್ಸಿನಾಟಿಯವರು 9ನೇ ಸರದಿಯಲ್ಲಿ ತಗೊಂಡರು. ಏನೂ ಆಗಲಿಲ್ಲ. ಅದೇ ವರ್ಷ ಈಸ್ಟರ್ನ್ ವಾಷಿಂಗ್ಟನ್ ಅನ್ನುವ ಸಣ್ಣ ಕಾಲೇಜಿನ ಕೂಪರ್ ಕಪ್ 4.62ರಲ್ಲಿ ಓಡಿದ, 69ನೇ ಸರದಿಗೆ ಹೋದ. 2021ರಲ್ಲಿ ಕ್ಯಾಚ್, ಯಾರ್ಡ್, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸುವುದು) ಮೂರರಲ್ಲೂ ಲೀಗ್‌ಗೆ ಮೊದಲಿಗ. 2003ರಲ್ಲಿ ಆಂಕ್ವಾನ್ ಬೋಲ್ಡಿನ್ ಓಡಿದ್ದು 4.7ರ ಆಸುಪಾಸಿನಲ್ಲಿ. ಮೊದಲ ವರ್ಷವೇ 101 ಕ್ಯಾಚ್ ಹಿಡಿದ. 1995ರಲ್ಲಿ ಬಾಸ್ಟನ್ ಕಾಲೇಜಿನ ಮೈಕ್ ಮಮೂಲಾ ಕಂಬೈನ್‌ನ ಪರೀಕ್ಷೆಗಳನ್ನೇ ಮುಂಚಿತವಾಗಿ ಅಭ್ಯಾಸ ಮಾಡಿಕೊಂಡು ಬಂದು ಎಲ್ಲರನ್ನೂ ಬೆರಗು ಮಾಡಿ 7ನೇ ಸರದಿಗೆ ಏರಿದ. ಈಗ ಎಲ್ಲರೂ ಅದನ್ನೇ ಮಾಡುತ್ತಾರೆ. ಗೈಡ್ ಓದಿ ರ‍್ಯಾಂಕ್ ತೆಗೆದ ಹಾಗೆ.

ಹಾಗಂತ ಓಟ ಸುಮ್ನೆ ಅಂತ ಅಂದುಕೊಳ್ಳಬೇಡಿ. ಕಾರ್ನರ್‌ಬ್ಯಾಕ್ ನಿಧಾನ ಆದರೆ ಅವನನ್ನು ಕಾಪಾಡುವವರಿಲ್ಲ. ಆ ಜಾಗಕ್ಕೆ ನಾನೂ ಗಡಿಯಾರ ನೋಡುತ್ತೇನೆ. ಮುಂದಿನ ಸಾಲಿನಲ್ಲಿ ನಿಂತು ತಳ್ಳಾಡುವ ದಪ್ಪನೆಯ ಲೈನ್‌ಮನ್‌ಗಳಿಗೆ 40 ಯಾರ್ಡ್ ಯಾಕೆ ಬೇಕು ಹೇಳಿ? ಅವರ ವಿಷಯದಲ್ಲಿ ಮೊದಲ 10 ಯಾರ್ಡ್ ಸಮಯ ಬರೆದುಕೊಂಡು ಉಳಿದದ್ದನ್ನು ಬಿಡುತ್ತೇವೆ. ಅಂಕಿಯೂ ವಿಡಿಯೋವೂ ಜಗಳ ಆಡಿದರೆ ಮತ್ತೆ ವಿಡಿಯೋ ನೋಡು ಅಂತ ಅರ್ಥ. ನನ್ನ ಮಟ್ಟಿಗೆ ಕಂಬೈನ್‌ನ ಉಪಯೋಗ ಅಷ್ಟು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಟ್ಯಾಕಲ್ ಒರ್ಲಾಂಡೊ ಬ್ರೌನ್ ಜೂನಿಯರ್ 2018ರಲ್ಲಿ ಓಡಿದ್ದು 5.85 ಸೆಕೆಂಡು, ಕಬ್ಬಿಣ ಎತ್ತಿದ್ದು 14 ಸಲ. ಆ ಗಾತ್ರದವನಿಗೆ ನಾಚಿಕೆಗೇಡು. ಮೂರನೇ ಸುತ್ತಿಗೆ ಬಿದ್ದ. ವಿಡಿಯೋದಲ್ಲಿ ಅವನನ್ನು ಸುತ್ತಿ ಹೋಗಲು ಎದುರಾಳಿಗಳು ಪಡುತ್ತಿದ್ದ ಪಾಡು ಕಣ್ಣಿಗೆ ಕಾಣುವಂತಿತ್ತು. ಬಾಲ್ಟಿಮೋರ್‌ನವರು ಅದನ್ನೇ ನಂಬಿದರು, ಆತ ಪದೇ ಪದೇ ಪ್ರೊ ಬೌಲ್‌ಗೆ, ಅಂದರೆ ವರ್ಷದ ಅತ್ಯುತ್ತಮರ ತಂಡಕ್ಕೆ, ಹೋದ.

ಟಿವಿಯಲ್ಲಿ ಬಾರದ ಕಂಬೈನ್ ಬೇರೆಯೇ ಇದೆ. ಹುಡುಗರು ಬರೀ ಚಡ್ಡಿಯಲ್ಲಿ ನಿಂತು ಅಳತೆ ಕೊಡುತ್ತಾರೆ. ಎತ್ತರವನ್ನು ನಾಲ್ಕು ಅಂಕಿಯಲ್ಲಿ ಬರೆಯುತ್ತೇವೆ. 6024 ಅಂದರೆ 6 ಅಡಿ, 2 ಇಂಚು, ಮೇಲೆ ಎಂಟರಲ್ಲಿ ನಾಲ್ಕು ಭಾಗ, ಅಂದರೆ ಆರಡಿ ಎರಡೂವರೆ ಇಂಚು. ಕಾಲೇಜಿನ ಪುಸ್ತಕದಲ್ಲಿ ಆರಡಿ ನಾಲ್ಕಿಂಚು ಅಂತ ಇದ್ದವನು ಇಲ್ಲಿ 6024 ಆಗಿಬಿಡುವುದು ಮಾಮೂಲು. ತೋಳಿನ ಉದ್ದವನ್ನೂ ಎಂಟನೇ ಒಂದು ಇಂಚಿನವರೆಗೆ ಅಳೆಯುತ್ತಾರೆ. 2025ರಲ್ಲಿ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ (ಎಲ್‌ಎಸ್‌ಯು) ಟ್ಯಾಕಲ್ ವಿಲ್ ಕ್ಯಾಂಪ್‌ಬೆಲ್ ತೋಳು 33 ಇಂಚಿಗಿಂತ ಸ್ವಲ್ಪ ಕಡಿಮೆ ಬಂತು ಅಂತ ಎರಡು ತಿಂಗಳು ಗಲಾಟೆ ಆಯ್ತು. ಪೇಟ್ರಿಯಟ್ಸ್ ಆದರೂ ಅವನನ್ನು 4ನೇ ಸರದಿಯಲ್ಲಿ ತಗೊಂಡರು.

ಎಲ್ಲಕ್ಕಿಂತ ಮುಖ್ಯ ಡಾಕ್ಟರುಗಳ ಕೋಣೆ. ಒಂದು ತಂಡದ ಡಾಕ್ಟರ್ ಮಂಡಿ ಎಳೆದು ನೋಡಿದ ಮೇಲೆ ಇನ್ನೊಂದು ತಂಡದವರು ಅದೇ ಮಂಡಿ ಎಳೆಯುತ್ತಾರೆ. ನಾನು ತಿಂಗಳುಗಟ್ಟಲೆ ಬರೆದ ವರದಿಯನ್ನು ಅಲ್ಲಿಂದ ಬರುವ ಒಂದು ಸಾಲು ಹೊಡೆದುಹಾಕುತ್ತದೆ. ನೋಟ್ರಡೇಮ್‌ನ ಜೇಲನ್ ಸ್ಮಿತ್ 2016ರಲ್ಲಿ ಮೊದಲ ಐದರೊಳಗೆ ಹೋಗಬೇಕಾದವನು. ವರ್ಷದ ಮೊದಲ ದಿನದ ಪಂದ್ಯದಲ್ಲಿ ಮಂಡಿ ಹೋಯ್ತು, ನರಕ್ಕೂ ಪೆಟ್ಟಾಯ್ತು. ತುಂಬ ತಂಡಗಳು ಅವನ ಹೆಸರನ್ನೇ ಪಕ್ಕಕ್ಕಿಟ್ಟವು. ಡಲ್ಲಾಸ್ 34ನೇ ಸರದಿಯಲ್ಲಿ ತಗೊಂಡಿತು, ಯಾಕೆಂದರೆ ಶಸ್ತ್ರಚಿಕಿತ್ಸೆ ಮಾಡಿದವರು ಡಲ್ಲಾಸ್ ತಂಡದ್ದೇ ಡಾಕ್ಟರ್. ಒಂದು ವರ್ಷ ಕೂತ, ಆಮೇಲೆ ಆಡಿದ. ಪತ್ರಿಕೆಗಳ ಪಟ್ಟಿ ಮಾಡುವವರಿಗೂ ನಮಗೂ ಆ ಫೈಲ್ ಸಿಗುವುದಿಲ್ಲ. ಡ್ರಾಫ್ಟ್ ದಿನ ಯಾರೋ ಕಾರಣವೇ ಇಲ್ಲದೆ ಜಾರುತ್ತಿದ್ದಾನೆ ಅನ್ನಿಸಿದರೆ, ಮೊದಲು ಮಂಡಿ ಅಥವಾ ಭುಜ ನೆನಪು ಮಾಡಿಕೊಳ್ಳಿ. ನಡತೆಯ ವಿಷಯವೂ ಹೀಗೇ. ಸ್ಕೌಟ್‌ಗಳು, ಅಂದರೆ ತಂಡಕ್ಕಾಗಿ ಆಟಗಾರರನ್ನು ಹುಡುಕುವವರು, ಕೋಚ್ ಹತ್ತಿರ ಮಾತ್ರ ಕೇಳುವುದಿಲ್ಲ. ಬಟ್ಟೆಬರೆ ನೋಡಿಕೊಳ್ಳುವವರು, ಪಟ್ಟಿ ಕಟ್ಟುವವರು, ಪಾಠ ಹೇಳಿಕೊಡುವವರು, ಇವರ ಹತ್ತಿರವೂ ಕೂತು ಮಾತಾಡಿ ಬರುತ್ತಾರೆ.

ಕ್ವಾರ್ಟರ್‌ಬ್ಯಾಕ್ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಬಿದ್ದ ಹಳ್ಳ ಅದು. 2018ರಲ್ಲಿ ಮೊದಲ ಸುತ್ತಿನಲ್ಲಿ ಐವರು ಹೋದರು. ಬೇಕರ್ ಮೇಫೀಲ್ಡ್ 1, ಸ್ಯಾಮ್ ಡಾರ್ನಾಲ್ಡ್ 3, ಜಾಶ್ ಅಲೆನ್ 7, ಜಾಶ್ ರೋಸನ್ 10, ಲಮಾರ್ ಜಾಕ್ಸನ್ 32. ಕೊನೆಗೆ ಹೋದ ಜಾಕ್ಸನ್ ಎರಡು ಸಲ ಲೀಗ್‌ನ ಅತ್ಯಮೂಲ್ಯ ಆಟಗಾರನಾದ. ಎಸೆತ ತಯಾರಾಗಿದೆ ಅಂತ ಹೆಸರು ಮಾಡಿದ್ದ ರೋಸನ್‌ನನ್ನು ಅವನ ತಂಡ ಒಂದೇ ವರ್ಷಕ್ಕೆ ಕಳಿಸಿಬಿಟ್ಟಿತು. ವಯೋಮಿಂಗ್‌ನಲ್ಲಿ ನೂರಕ್ಕೆ 56 ಎಸೆತ ಮಾತ್ರ ಗುರಿ ಮುಟ್ಟಿಸುತ್ತಿದ್ದ ಅಲೆನ್ 2024ರ ಅತ್ಯಮೂಲ್ಯ ಆಟಗಾರ. ಡಾರ್ನಾಲ್ಡ್ ನ್ಯೂಯಾರ್ಕ್‌ನಲ್ಲಿ ಸೋತು ಸುಣ್ಣವಾದ. ಆರು ವರ್ಷದ ಮೇಲೆ ಮಿನ್ನೆಸೋಟದಲ್ಲಿ ಅದೇ ತೋಳು, ಅದೇ ಹುಡುಗ, 14 ಗೆಲುವು. ಹೀಗಿರುವಾಗ ತಪ್ಪು ಹುಡುಗನ ಅಂದಾಜಿನಲ್ಲಾಯ್ತೋ, ಅವನು ಹೋದ ಮನೆಯ ಅಂದಾಜಿನಲ್ಲಾಯ್ತೋ ಹೇಳಿ ನೋಡೋಣ. ಅಲೆನ್ ಉದಾಹರಣೆ ಮಾತ್ರ ನನಗೆ ತಲೆನೋವು. ಗುರಿ ತಪ್ಪುವ ಹುಡುಗ ಬಂದಾಗಲೆಲ್ಲ ಯಾರಾದರೂ "ಇವನೂ ಅಲೆನ್ ಆಗಬಹುದಲ್ಲ" ಅಂತಾರೆ. ಗುರಿ ತಪ್ಪಿಸಿಕೊಂಡೇ ಉಳಿದ ಇಪ್ಪತ್ತು ಜನರ ಹೆಸರು ಯಾರಿಗೂ ನೆನಪಿರುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಕತೆ ಕೇಳಿ. 2021ರಲ್ಲಿ ಅವರು 12ನೇ ಸರದಿಯಿಂದ 3ಕ್ಕೆ ಏರಲು ಮೂರು ವರ್ಷದ ಮೊದಲ ಸುತ್ತಿನ ಸರದಿಗಳನ್ನು ಕೊಟ್ಟರು. ತಗೊಂಡದ್ದು ಟ್ರೇ ಲ್ಯಾನ್ಸ್‌ನನ್ನು. ನಾರ್ತ್ ಡಕೋಟಾ ಸ್ಟೇಟ್‌ನಲ್ಲಿ 2019ರಲ್ಲಿ 28 ಟಚ್‌ಡೌನ್ ಎಸೆತ, ಒಂದೂ ಚೆಂಡು ಎದುರಾಳಿ ಕೈಗೆ ಹೋಗಿಲ್ಲ. ಆದರೆ ಇಡೀ ಕಾಲೇಜು ಜೀವನದಲ್ಲಿ ಶುರುವಿನಿಂದ ಆಡಿದ್ದು 17 ಪಂದ್ಯ ಮಾತ್ರ. ಅದೇ ತಂಡ, ಅದೇ ಸ್ಕೌಟ್‌ಗಳು ಮಾರನೇ ವರ್ಷ 262ನೇ ಸರದಿಯಲ್ಲಿ, ಅಂದರೆ ಡ್ರಾಫ್ಟ್‌ನ ಕಟ್ಟಕಡೆಯ ಹೆಸರಾಗಿ, ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದ್ದ ಬ್ರಾಕ್ ಪರ್ಡಿಯನ್ನು ಕರೆದರು. 2023ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ನನ್ನು ಒಂದು ನಾಲ್ಕನೇ ಸುತ್ತಿನ ಸರದಿಗೆ ಡಲ್ಲಾಸ್‌ಗೆ ಕೊಟ್ಟರು. ಮುಂದಿನ ಫೆಬ್ರವರಿಯಲ್ಲಿ ಪರ್ಡಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಆಡುತ್ತಿದ್ದ. 17 ಪಂದ್ಯ ನೋಡಿ ತೀರ್ಪು ಕೊಡುವುದು ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ. ಲ್ಯಾನ್ಸ್ ಕೆಟ್ಟ ಆಟಗಾರ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಅಷ್ಟು ಕಡಿಮೆ ಕಂಡದ್ದಕ್ಕೆ ಅಷ್ಟು ಬೆಲೆ ಕೊಟ್ಟದ್ದೇ ಎಡವಟ್ಟು.

ಬೆಲೆ ಅಂದಾಗ ಒಂದು ಸಂಶೋಧನೆ ಹೇಳಬೇಕು. ಮುಂದೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್, ಕೇಡ್ ಮ್ಯಾಸಿ ಜೊತೆ ಸೇರಿ ಡ್ರಾಫ್ಟ್‌ಗಳ ಲೆಕ್ಕ ತೆಗೆದರು. ಒಂದೇ ಜಾಗದಲ್ಲಿ ಆಡುವ, ಒಬ್ಬನ ಹಿಂದೆ ಒಬ್ಬ ಆಯ್ಕೆಯಾದ ಇಬ್ಬರಲ್ಲಿ ಮೊದಲು ಹೋದವನೇ ಮುಂದೆ ಚೆನ್ನಾಗಿ ಆಡಿದ್ದು ನೂರಕ್ಕೆ ಸುಮಾರು 52 ಸಲ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ! ಆದರೂ ತಂಡಗಳು ಒಬ್ಬನ ಮೇಲೆ ಕಣ್ಣು ಹಾಕಿ ಮೇಲೇರಲು ಎರಡು ಮೂರು ಸರದಿ ಕೊಟ್ಟುಬಿಡುತ್ತವೆ. 1990ರ ದಶಕದಲ್ಲಿ ಜಿಮ್ಮಿ ಜಾನ್ಸನ್ ಕಾಲದ ಡಲ್ಲಾಸ್ ತಂಡದಲ್ಲಿ ಹುಟ್ಟಿದ ಬೆಲೆಪಟ್ಟಿಯಲ್ಲಿ 1ನೇ ಸರದಿಗೆ 3000 ಅಂಕ, 32ನೆಯದಕ್ಕೆ 590. ನನ್ನ ಕೇಳಿದರೆ ಆ ಮೂರು ಸಾವಿರ ತುಂಬ ದುಬಾರಿ. ಹಿಂದಕ್ಕೆ ಸರಿದು ಇನ್ನೊಂದು ಸರದಿ ಗಳಿಸುವ ತಂಡವನ್ನು ಟಿವಿಯವರು ಬೈಯುತ್ತಾರೆ, ನಾನು ಮನಸ್ಸಲ್ಲೇ ಚಪ್ಪಾಳೆ ಹೊಡೆಯುತ್ತೇನೆ.

ಈಗ ನಿಮ್ಮ ಮನೆಗೆ ಬರೋಣ. ತಂಡದವರು ನೋಡುವುದು 22 ಆಟಗಾರರೂ ಒಟ್ಟಿಗೆ ಕಾಣುವ ಎತ್ತರದ ಕ್ಯಾಮೆರಾದ ವಿಡಿಯೋ. ನಮಗೆ ಸಿಗುವುದು ಟಿವಿ ಪ್ರಸಾರ. ಅದು ಚೆಂಡಿನ ಹಿಂದೆ ಓಡುತ್ತದೆ. ರಿಸೀವರ್ ನಾಲ್ಕು ಹೆಜ್ಜೆಗೆ ಪರದೆಯಿಂದ ಹೊರಗೆ. ಹಾಗಾಗಿ ಮನೆಯಲ್ಲಿ ಕೂತು ಅಂದಾಜು ಮಾಡಲು ಎಲ್ಲಕ್ಕಿಂತ ಕಷ್ಟ ನಿಮ್ಮ ಮಗನಿಗೆ ಇಷ್ಟವಾದ ಜಾಗವೇ! ಮಧ್ಯದ ಲೈನ್‌ಮನ್‌ಗಳು ಮಾತ್ರ ಪೂರ್ತಿ ಕಾಣುತ್ತಾರೆ. ಅಲ್ಲಿಂದ ಶುರು ಮಾಡಿ. ಒಬ್ಬ ಎಡ ಟ್ಯಾಕಲ್‌ನನ್ನು ಆರಿಸಿಕೊಳ್ಳಿ. ಸ್ನ್ಯಾಪ್ ಆಯ್ತು. ಚೆಂಡು ಮರೆತುಬಿಡಿ, ಅವನ ಪಾದ ನೋಡಿ. ಮೊದಲ ಹೆಜ್ಜೆ ಹಿಂದಕ್ಕೆ, ಎರಡನೆಯದು, ಮೂರನೆಯದು. ಪಾದಗಳು ಒಂದಕ್ಕೊಂದು ತಾಗಿದವಾ? ತಾಗಿದ ಕ್ಷಣಕ್ಕೆ ತಳ್ಳಿದರೆ ಎಂಥವನೂ ಬೀಳುತ್ತಾನೆ. ಆಮೇಲೆ ಕೈ. ಎದುರಾಳಿಯ ಎದೆಯ ಮಧ್ಯಕ್ಕೆ ಬಿತ್ತಾ, ಭುಜದ ಹೊರಗೆ ಹೋಯ್ತಾ? ಸೊಂಟ ಬಗ್ಗಿದೆಯಾ, ಮಂಡಿ ಬಗ್ಗಿದೆಯಾ? ಸೊಂಟದಿಂದ ಬಗ್ಗುವವನು ನಾಲ್ಕನೇ ಕ್ವಾರ್ಟರ್ ಹೊತ್ತಿಗೆ ಸುಸ್ತಾಗಿ ತಬ್ಬಿಕೊಳ್ಳಲು ಶುರು ಮಾಡುತ್ತಾನೆ. ಇಷ್ಟೂ ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ನಾನು ಒಂದೊಂದು ಸ್ನ್ಯಾಪ್ ಏಳೆಂಟು ಸಲ ಹಿಂದೆಮುಂದೆ ಮಾಡಿ ನೋಡುತ್ತಿದ್ದೆ, ಕಾಫಿ ಆರಿ ಹೋಗಿರುತ್ತಿತ್ತು.

ಒಬ್ಬ ಹುಡುಗನಿಗೆ ಮೂರು ಪಂದ್ಯ ಸಾಕು. ಅವುಗಳಲ್ಲಿ ಒಂದು ಅವನ ಅತ್ಯಂತ ಕೆಟ್ಟ ಪಂದ್ಯ ಆಗಿರಲಿ, ಒಂದು ಅವನ ವೇಳಾಪಟ್ಟಿಯಲ್ಲೇ ಗಟ್ಟಿ ಎದುರಾಳಿಯ ಜೊತೆಗಿನದು. ಹೈಲೈಟ್ ವಿಡಿಯೋ ನೋಡಬೇಡಿ, ಅದು ಮದುವೆ ಆಲ್ಬಮ್ ಇದ್ದ ಹಾಗೆ. ವಯಸ್ಸೂ ಬರೆದುಕೊಳ್ಳಿ. ಕೋವಿಡ್ ವರ್ಷ ಸಿಕ್ಕ ಹೆಚ್ಚುವರಿ ಅವಕಾಶದಿಂದಾಗಿ 24 ವರ್ಷದವರು 19ರ ಹುಡುಗರನ್ನು ಬಡಿದು ಹಾಕಿದ ಅಂಕಿಗಳು ಕೆಲವು ಸೀಸನ್‌ಗಳಲ್ಲಿ ತುಂಬ ಬಂದವು.

ಮಗನಿಗೆ ಅವನ ರಿಸೀವರ್ ಬೇಕೇ ಬೇಕು ಅಂದರೆ ಒಂದು ಕೆಲಸ ಕೊಡಿ. ಸ್ನ್ಯಾಪ್‌ಗೆ ಮುಂಚೆ ಟಿವಿಯಲ್ಲಿ ಎಲ್ಲರೂ ಕಾಣುತ್ತಾರಲ್ಲ, ಆಗ ನಿಲ್ಲಿಸಿ ಎದುರಾಳಿ ಎಷ್ಟು ದೂರ ನಿಂತಿದ್ದಾನೆ ಅಂತ ಬರೆದುಕೊಳ್ಳಲಿ. ಎರಡು ಯಾರ್ಡ್‌ನೊಳಗೆ ನಿಂತವುಗಳಿಗೆ ಮಾತ್ರ ಗುರುತು ಹಾಕಲಿ. ಮೊದಲ ಮೂರು ಹೆಜ್ಜೆಯಲ್ಲಿ ತಪ್ಪಿಸಿಕೊಂಡನಾ, ಸಿಕ್ಕಿಹಾಕಿಕೊಂಡನಾ, ಅಷ್ಟೇ ನೋಡಲಿ. ಮೂರು ಪಂದ್ಯದಲ್ಲಿ ಸ್ಪಷ್ಟವಾಗಿ ತಪ್ಪಿಸಿಕೊಂಡದ್ದು ಐದಾರು ಸಲ ಸಿಕ್ಕರೆ ನನಗೂ ಬರೆಯಿರಿ. ಆ ಹುಡುಗನ ವಿಡಿಯೋ ನಾನೂ ಇನ್ನೊಂದು ಸಲ ಹಾಕಿ ನೋಡುತ್ತೇನೆ.